ಮಿತಿ ಇರಬೇಕಾದದ್ದು ನೆರವಿಗಲ್ಲ, ಬೆಲೆಗೆ

ಇಪ್ಪತ್ತು ಕಿಲೋ ತೂಕ ದಾಟಿದ ಎಸ್‌ಎಂಎ ರೋಗಿಗೆ ರಿಸ್ಡಿಪ್ಲಾಮ್ ಔಷಧ ದಿನಕ್ಕೆ 5 ಮಿಲಿಗ್ರಾಂ ಬೇಕು. ಬಾಟಲಿಯೊಂದರಲ್ಲಿ ಇರುವುದು 60 ಮಿಲಿಗ್ರಾಂ, ಹನ್ನೆರಡು ದಿನಕ್ಕೆ ಖಾಲಿ. ರೋಶ್ ಕಂಪನಿಯ ಈ ಬಾಟಲಿಗೆ ಭಾರತದಲ್ಲಿ ಸುಮಾರು 6.2 ಲಕ್ಷ ರೂಪಾಯಿ ಬೆಲೆಯಿತ್ತು. ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಡಿ ಕೇಂದ್ರ ಸರ್ಕಾರ ಒಬ್ಬ ರೋಗಿಗೆ ಕೊಡುವ ಗರಿಷ್ಠ ನೆರವು 50 ಲಕ್ಷ. ಅದೂ ವರ್ಷಕ್ಕಲ್ಲ, ಜೀವಮಾನಕ್ಕೆ. ಎಂಟು ಬಾಟಲಿಗೆ, ಅಂದರೆ ಮೂರು ತಿಂಗಳು ಕಳೆಯುವಷ್ಟರಲ್ಲಿ ಆ ದುಡ್ಡು ತೀರುತ್ತಿತ್ತು. ಔಷಧವನ್ನಾದರೋ ಬದುಕಿರುವವರೆಗೂ ಕುಡಿಯಬೇಕು.

ಈ ಲೆಕ್ಕ ನೀತಿ ಬರೆದವರಿಗೆ ತಿಳಿಯದ್ದೇನಲ್ಲ.

ಎಸ್‌ಎಂಎ, ಅಂದರೆ ಸ್ಪೈನಲ್ ಮಸ್ಕ್ಯುಲರ್ ಅಟ್ರೊಫಿ, ಸ್ನಾಯುಗಳನ್ನು ದಿನೇದಿನೇ ಸೊರಗಿಸುವ ಆನುವಂಶಿಕ ಕಾಯಿಲೆ. ಸರಿಸುಮಾರು ಹತ್ತು ಸಾವಿರ ಜನನಕ್ಕೆ ಒಂದು ಮಗುವಿನಲ್ಲಿ ಕಾಣುತ್ತದೆ. ತೀವ್ರ ಬಗೆಯದಾಗಿ ಚಿಕಿತ್ಸೆಯೂ ಸಿಗದಿದ್ದರೆ ಕೂಸು ಕುತ್ತಿಗೆ ನಿಲ್ಲಿಸುವುದೂ ಇಲ್ಲ, ಎರಡು ವರ್ಷ ತುಂಬುವ ಮೊದಲೇ ಉಸಿರಾಟ ಸೋಲುತ್ತದೆ. ಇದಕ್ಕೆ ಕಾರಣವಾದ ಎಸ್‌ಎಂಎನ್1 ವಂಶವಾಹಿಯನ್ನು ಫ್ರಾನ್ಸಿನ ಜೂಡಿತ್ ಮೆಲ್ಕಿ ಅವರ ತಂಡ 1995ರಲ್ಲಿ ಗುರುತಿಸಿತು. ಆಮೇಲಿನ ಕಾಲು ಶತಮಾನದಲ್ಲಿ ಮೂರು ಚಿಕಿತ್ಸೆಗಳು ಬಂದವು. ಅವುಗಳಲ್ಲಿ ಜೊಲ್ಗೆನ್‌ಸ್ಮಾ ಎಂಬ ಒಂದೇ ಡೋಸಿನ ವಂಶವಾಹಿ ಚಿಕಿತ್ಸೆಯ ಫಲಿತಾಂಶ 2017ರಲ್ಲಿ ಪ್ರಕಟವಾದಾಗ ವೈದ್ಯಲೋಕ ಬೆರಗಾಗಿತ್ತು. ಪ್ರಯೋಗಕ್ಕೆ ಒಳಪಟ್ಟ ಹದಿನೈದು ಕೂಸುಗಳೂ ಇಪ್ಪತ್ತು ತಿಂಗಳು ತುಂಬಿದಾಗ ಕಾಯಂ ವೆಂಟಿಲೇಟರ್‌ನ ಹಂಗಿಲ್ಲದೆ ಬದುಕಿದ್ದವು. ಹಿಂದಿನ ದಾಖಲೆಗಳ ಪ್ರಕಾರ ಅಂಥ ಮಕ್ಕಳಲ್ಲಿ ಅಲ್ಲಿಯವರೆಗೆ ಬರುತ್ತಿದ್ದದ್ದು ಶೇಕಡಾ ಎಂಟು ಮಾತ್ರ.

ಈ ವಿಜ್ಞಾನದ ಹಿಂದೆ ಯಾರ ದುಡ್ಡಿತ್ತು ಎಂಬುದನ್ನೂ ನೋಡಬೇಕು. ಜೊಲ್ಗೆನ್‌ಸ್ಮಾಗೆ ದಾರಿ ಮಾಡಿದ ಸಂಶೋಧನೆಯ ಒಂದು ಮುಖ್ಯ ಭಾಗ ನಡೆದದ್ದು ಫ್ರಾನ್ಸಿನ ಜೆನೆಥಾನ್ ಪ್ರಯೋಗಾಲಯದಲ್ಲಿ. ಅದು ನಡೆಯುವುದೇ ಟಿವಿಯ ಟೆಲಿಥಾನ್‌ನಲ್ಲಿ ಜನಸಾಮಾನ್ಯರು ಕೊಡುವ ದೇಣಿಗೆಯಿಂದ. ಇನ್ನೊಂದು ಭಾಗ ಅಮೆರಿಕದ ಕೊಲಂಬಸ್‌ನ ಮಕ್ಕಳ ಆಸ್ಪತ್ರೆಯಲ್ಲಿ. ಔಷಧವನ್ನು ಬೆಳೆಸಿದ ಅವೆಕ್ಸಿಸ್ ಕಂಪನಿಯನ್ನು ನೊವಾರ್ಟಿಸ್ 2018ರಲ್ಲಿ 870 ಕೋಟಿ ಡಾಲರಿಗೆ ಕೊಂಡಿತು. ಮರುವರ್ಷ ಒಂದು ಡೋಸಿಗೆ 21.25 ಲಕ್ಷ ಡಾಲರ್ ಬೆಲೆ ಕಟ್ಟಿತು. ನಮ್ಮಲ್ಲಿ ತಂದೆತಾಯಂದಿರು ಹದಿನಾರು ಕೋಟಿಗಾಗಿ ಮಗುವಿನ ಫೋಟೊ ಹಿಡಿದು ಸಾಮಾಜಿಕ ಜಾಲತಾಣದಲ್ಲಿ ಕೈಯೊಡ್ಡುವ ಪರಿಪಾಟ ಆಗ ಶುರುವಾಯಿತು. ಬೆಲೆ ಕಟ್ಟಿದ ಬೆನ್ನಿಗೇ, ಔಷಧಕ್ಕೆ ಮಂಜೂರಾತಿ ಸಿಗದ ದೇಶಗಳ ಎರಡು ವರ್ಷದೊಳಗಿನ ಮಕ್ಕಳಿಗಾಗಿ ವರ್ಷಕ್ಕೆ ನೂರು ಡೋಸ್‌ಗಳನ್ನು ಚೀಟಿ ಎತ್ತಿ ಉಚಿತವಾಗಿ ಹಂಚುವ ಯೋಜನೆಯನ್ನು ಕಂಪನಿ ತಂದಿತು. ಕರ್ನಾಟಕದ ಕೂಸುಗಳೂ ಆ ಚೀಟಿಯಲ್ಲಿ ಗೆದ್ದದ್ದುಂಟು. ಆ ಮನೆಗಳ ಸಂತೋಷವನ್ನು ಯಾರೂ ಹೀಗಳೆಯಬೇಕಿಲ್ಲ. ಆದರೆ ಮಗುವಿನ ಪ್ರಾಣವನ್ನು ಲಾಟರಿಗೆ ಇಡುವ ಏರ್ಪಾಟನ್ನು ಔದಾರ್ಯ ಎಂದು ಕೊಂಡಾಡುವುದು ನಾಚಿಕೆಗೇಡು.

ಸರ್ಕಾರವೇನು ಮಾಡಿತು? 2021ರ ಮಾರ್ಚ್‌ನಲ್ಲಿ ನೀತಿ ಬಂತು. ಮರುವರ್ಷ ನೆರವಿನ ಮಿತಿ 50 ಲಕ್ಷಕ್ಕೆ ಏರಿತು. ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಸೇರಿದಂತೆ ಕೆಲವು ಆಸ್ಪತ್ರೆಗಳು ಉತ್ಕೃಷ್ಟತಾ ಕೇಂದ್ರಗಳಾದವು. ದಾನಿಗಳಿಂದ ಹಣ ಕೂಡಿಸಲು ಆರೋಗ್ಯ ಇಲಾಖೆಯೇ ಒಂದು ಜಾಲತಾಣ ತೆರೆಯಿತು. ಪೋಷಕರು ಮಾಡುತ್ತಿದ್ದ ಯಾಚನೆಗೆ ಸರ್ಕಾರಿ ಮುದ್ರೆ ಬಿತ್ತು, ಅಷ್ಟೆ. 2024ರ ಅಕ್ಟೋಬರ್‌ನಲ್ಲಿ ದೆಹಲಿ ಹೈಕೋರ್ಟ್ ಎರಡು ವರ್ಷಗಳಿಗೆ 974 ಕೋಟಿಯ ರಾಷ್ಟ್ರೀಯ ನಿಧಿ ಸ್ಥಾಪಿಸಿ ಎಂದಿತು. ರೋಗಿಯೊಬ್ಬರಿಗೆ ಮಿತಿ ಮೀರಿ 18 ಲಕ್ಷ ಕೊಡಬೇಕೆಂದು ಕೇರಳ ಹೈಕೋರ್ಟ್ ಆದೇಶಿಸಿದರೆ, 2025ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು.

ಹೀಗೆ ಇಡೀ ಜಗಳ ಮಿತಿಯ ಸುತ್ತಲೇ ಸುತ್ತುತ್ತಿತ್ತು. ಏರಿಸಿ ಎಂದು ರೋಗಿಗಳ ಪರ ವಕೀಲರು, ಬೊಕ್ಕಸಕ್ಕೆ ಭಾರ ಎಂದು ಸರ್ಕಾರ. ಎರಡೂ ಕಡೆಯವರು ಬಾಟಲಿಯ ಬೆಲೆಯನ್ನು ವಿಧಿಲಿಖಿತವೆಂಬಂತೆ ಒಪ್ಪಿಕೊಂಡರೆ ಮಿತಿ ಏರಿಸುವುದರಿಂದ ಆಗುವುದಿಷ್ಟೇ: ತೆರಿಗೆ ಹಣ ಇನ್ನಷ್ಟು ಬೇಗ ಬಾಸೆಲ್‌ನ ರೋಶ್‌ಗೆ ಹೋಗುತ್ತದೆ.

ಆ ಬೆಲೆ ವಿಧಿಲಿಖಿತವಲ್ಲ ಎಂಬುದು 2025ರಲ್ಲೇ ಸಾಬೀತಾಯಿತು. ಹೈದರಾಬಾದಿನ ನ್ಯಾಟ್ಕೊ ಫಾರ್ಮಾ ರಿಸ್ಡಿಪ್ಲಾಮ್ ತಯಾರಿಸಲು ಹೊರಟಾಗ ರೋಶ್ ತಡೆಯಾಜ್ಞೆ ಕೇಳಿತು. ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ ಮಾರ್ಚ್‌ನಲ್ಲಿ ಅದನ್ನು ನಿರಾಕರಿಸಿತು, ಅಕ್ಟೋಬರ್‌ನಲ್ಲಿ ವಿಭಾಗೀಯ ಪೀಠ ಆ ತೀರ್ಪನ್ನು ಎತ್ತಿಹಿಡಿಯಿತು, ಸುಪ್ರೀಂ ಕೋರ್ಟ್ ಮಧ್ಯಪ್ರವೇಶಿಸಲಿಲ್ಲ. ಕಂಪನಿಯ ಹಳೆಯ ಪೇಟೆಂಟಿನಲ್ಲಿದ್ದ ಸಂಯುಕ್ತದ ಒಂದು ಕಡೆ ಸಿಎಚ್ ಇದ್ದಲ್ಲಿ ಸಾರಜನಕ ಕೂರಿಸಿದರೆ ರಿಸ್ಡಿಪ್ಲಾಮ್ ಆಗುತ್ತದೆ. ಇದು ಬಲ್ಲವರಿಗೆ ತಾನಾಗಿ ಹೊಳೆಯುವ ಬದಲಾವಣೆ ಎಂಬುದು ನ್ಯಾಯಾಲಯಕ್ಕೆ ಮೇಲ್ನೋಟಕ್ಕೆ ಕಂಡದ್ದು. ನ್ಯಾಟ್ಕೊ ಬಾಟಲಿಗೆ ನಿಗದಿ ಮಾಡಿದ ಬೆಲೆ 15,900 ರೂಪಾಯಿ. ವರ್ಷಕ್ಕೆ ಮೂವತ್ತು ಬಾಟಲಿ ಹಿಡಿದರೂ ಐದು ಲಕ್ಷದೊಳಗೇ ಮುಗಿಯುತ್ತದೆ. ಮೂರು ತಿಂಗಳಿಗೆ ಸಾಲುತ್ತಿದ್ದ ಅದೇ 50 ಲಕ್ಷ ಈಗ ಹತ್ತು ವರ್ಷಕ್ಕೆ ಬರುತ್ತದೆ.

ಸಂಶೋಧನೆಗೆ ಖರ್ಚಿದೆ, ಪೇಟೆಂಟ್ ಇಲ್ಲದಿದ್ದರೆ ಅಪರೂಪದ ಕಾಯಿಲೆಗಳತ್ತ ಯಾರೂ ತಿರುಗಿ ನೋಡುವುದಿಲ್ಲ ಎಂಬ ವಾದ ಪೊಳ್ಳಲ್ಲ. ಬಡ ರೋಗಿಗಳಿಗೆ ರೋಶ್‌ನ ನೆರವಿನ ಯೋಜನೆಯೂ ಇತ್ತು. ಹಾಗೆಂದು ಬೆಲೆಯ ಚೌಕಾಸಿಯನ್ನು ರೋಗಿಯ ಹೆಗಲಿಗೆ ಬಿಡಲಾಗದು. ಪೇಟೆಂಟ್ ಇದ್ದಾಗಲೂ ಬೇರೆಯವರಿಂದ ಔಷಧ ಮಾಡಿಸಲು ಅವಕಾಶ ಕೊಡುವ, ಪೇಟೆಂಟ್ ಕಾಯ್ದೆಯ 92 ಮತ್ತು 100ನೇ ಸೆಕ್ಷನ್‌ಗಳು ಸರ್ಕಾರದ ಕೈಯಲ್ಲಿವೆ. ಭಾರತ ಔಷಧವೊಂದಕ್ಕೆ ಕಡ್ಡಾಯ ಪರವಾನಗಿ ಕೊಟ್ಟದ್ದು ಒಂದೇ ಸಲ, 2012ರಲ್ಲಿ, ಬೇಯರ್‌ನ ಕ್ಯಾನ್ಸರ್ ಔಷಧ ನೆಕ್ಸಾವರ್‌ಗೆ. ತಿಂಗಳಿಗೆ 2.8 ಲಕ್ಷವಿದ್ದದ್ದು 8,800 ರೂಪಾಯಿಗೆ ಇಳಿಯಿತು. ಆಗಲೂ ಅರ್ಜಿ ಹಾಕಿದ್ದು ಇದೇ ನ್ಯಾಟ್ಕೊ, ಸರ್ಕಾರವಲ್ಲ. ಒಂದು ಖಾಸಗಿ ಕಂಪನಿಯ ವ್ಯಾಪಾರದ ಹಟವೇ ದೇಶದ ಆರೋಗ್ಯ ನೀತಿಯ ಕೆಲಸ ಮಾಡಬೇಕಾಗಿ ಬಂದಿರುವುದು ವಿಪರ್ಯಾಸ.

ಮತ್ತೆ, ಎಲ್ಲ ಔಷಧಕ್ಕೂ ಇಂಥ ದಾರಿ ಇರುವುದಿಲ್ಲ. ಮಾತ್ರೆ, ಸಿರಪ್‌ಗಳನ್ನು ಅನುಕರಿಸಿದಷ್ಟು ಸಲೀಸಾಗಿ ವಂಶವಾಹಿ ಚಿಕಿತ್ಸೆಯನ್ನು ಅನುಕರಿಸಲಾಗದು. ಅಲ್ಲಿ ಬೆಲೆಯ ಮಾತು ಸಂಶೋಧನೆಗೆ ಹಣ ಕೊಡುವಾಗಲೇ ಮುಗಿಯಬೇಕು. ವೆಲ್ಲೂರಿನ ಸಿಎಂಸಿಯಲ್ಲಿ ಐವರು ಹಿಮೊಫಿಲಿಯಾ ರೋಗಿಗಳಿಗೆ ವಂಶವಾಹಿ ಚಿಕಿತ್ಸೆ ಕೊಟ್ಟ ಫಲಿತಾಂಶ 2024ರ ಡಿಸೆಂಬರ್‌ನಲ್ಲಿ ಪ್ರಕಟವಾಗಿದೆ. ಪದೇಪದೇ ರಕ್ತಸ್ರಾವವಾಗುತ್ತಿದ್ದವರಲ್ಲಿ ಅದು ನಿಂತಿದೆ. ಈ ಕೆಲಸ ನಡೆದ ಕಾಂಡಕೋಶ ಸಂಶೋಧನಾ ಕೇಂದ್ರ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯ ಅಂಗ, ದುಡ್ಡು ಕೊಟ್ಟಿರುವುದು ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ. ನಾಳೆ ಇದರ ಪರವಾನಗಿ ಯಾವ ಕಂಪನಿಗೆ ಹೋದರೂ ಒಬ್ಬ ರೋಗಿಗೆ ಎಷ್ಟು ರೂಪಾಯಿ ಮೀರುವಂತಿಲ್ಲ ಎಂಬ ಷರತ್ತನ್ನು ಇಲಾಖೆ ಈಗಲೇ ಒಪ್ಪಂದದಲ್ಲಿ ಬರೆಸಿ, ಅದನ್ನು ಜನರ ಮುಂದೆ ಇಡಬೇಕು.