ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆದ್ರೆ ಲೆಕ್ಕ ಸರಿನಾ? (ಗೇಮ್ ಟೆಸ್ಟಿಂಗ್, ಭಾಗ 2)

"ಇನ್ಮೇಲೆ ಗೇಮ್ ಟೆಸ್ಟ್ ಮಾಡೋಕೆ ಮನುಷ್ಯರೇ ಬೇಡ, ಬಾಟ್ ಸಾಕು" ಅಂತ ಸ್ಟೋರಿ ಹಾಕ್ತಿರೋರೆಲ್ಲ ಒಂದ್ನಿಮಿಷ ನಿಲ್ಲಿ.

2025ರ ನವೆಂಬರ್‌ನಲ್ಲಿ ಜಪಾನಿನ ಸ್ಕ್ವೇರ್ ಎನಿಕ್ಸ್ ಒಂದು ಗುರಿ ಹೇಳ್ತು: 2027 ಮುಗಿಯೋದ್ರೊಳಗೆ ಟೆಸ್ಟಿಂಗ್, ಡಿಬಗ್ಗಿಂಗ್ ಕೆಲಸದಲ್ಲಿ ಶೇ 70ರಷ್ಟು ಎಐ ಕೈಲಿ ಮಾಡಿಸ್ತೀವಿ ಅಂತ. ಗುರಿ ಕಣ್ರೋ, ಇನ್ನೂ ಆಗಿರೋದಲ್ಲ. ಉಳಿದ 30 ಯಾರು ಮಾಡ್ತಾರೆ ಅಂತ ಯಾರೂ ಕೇಳ್ತಿಲ್ಲ.

ಬಾಟ್ ಬೇಡವೇ ಬೇಡ ಅಂತ ನಾನು ಹೇಳ್ತಿಲ್ಲ. ಹೊಸ ಬಿಲ್ಡ್ ಬಂದಾಗೆಲ್ಲ ಅದೇ ಬಾಗಿಲು ತೆಗಿ, ಅದೇ ಗೋಡೆಗೆ ಗುದ್ದು, ಅದೇ ಮೆನು ಒತ್ತು. ಈ ಕತ್ತೆ ಚಾಕರಿ ಮಷೀನೇ ಮಾಡ್ಲಿ. ಸೀ ಆಫ್ ಥೀವ್ಸ್ ಮಾಡಿದ ರೇರ್ ಕಂಪನಿ ಹಾಗೇ ಮಾಡ್ತು, ಒಳ್ಳೇದಾಯ್ತು.

ಆದ್ರೆ ಬಿಕಾಂ ಓದೋರಿಗೆ ಇದನ್ನ ಬಿಡಿಸಿ ಹೇಳ್ಬೇಕಾ? ಒಂದು ಎಂಟ್ರಿ ಪೂರ್ತಿ ಬಿಟ್ಟೋದ್ರೂ ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗುತ್ತೆ. ಟೆಸ್ಟ್ ಸ್ಕ್ರಿಪ್ಟೂ ಅಷ್ಟೇ, ಬರೆದವರಿಗೆ ಹೊಳೆದಿದ್ದನ್ನ ಮಾತ್ರ ನೋಡುತ್ತೆ.

ನಮ್ಮ ಕಡೆದೇ ತಗೊಳ್ಳಿ. ಒಂದು ಗೇಮಲ್ಲಿ 'ಹೊಯ್ಸಳೇಶ್ವರ' ಅಂತ ಬೋರ್ಡ್ ಇದೆ ಅಂದ್ಕೊಳ್ಳಿ. ಯೂನಿಟಿಯಲ್ಲಿ ತುಂಬಾ ಜನ ಬಳಸೋ ಟೆಕ್ಸ್ಟ್‌ಮೆಶ್ ಪ್ರೊ ಕನ್ನಡದ ಒತ್ತಕ್ಷರನ ತಾನಾಗಿ ಕೂಡಿಸಲ್ಲ. ಕೆಳಗೆ ಹೋಗ್ಬೇಕಾದ 'ವ' ಪಕ್ಕದಲ್ಲೇ ಕೂತುಬಿಡುತ್ತೆ. ಸ್ಕ್ರಿಪ್ಟ್ ಹೋಲಿಸಿ ನೋಡೋದು ಒಳಗೆ ಸೇವ್ ಆಗಿರೋ ಪದನ. ಅದು ಸರಿ ಇದೆ, ಪಾಸ್! ಹಳೇಬೀಡಿನ ಮೂರನೇ ಕ್ಲಾಸ್ ಹುಡುಗಿ ಮಾತ್ರ ಸ್ಕ್ರೀನ್ ನೋಡಿದ ತಕ್ಷಣ "ಇದೇನಿದು, ತಪ್ಪು ಬರ್ದಿದಾರೆ" ಅಂತ ನಗ್ತಾಳೆ. ಸ್ಕ್ರೀನ್‌ಶಾಟ್ ಹೋಲಿಸೋ ಟೂಲ್ ಇದೆ ಅಂತೀರಾ? ಇದೆ. ಆದ್ರೆ ಮೊದಲನೇ ಚಿತ್ರನ 'ಸರಿ' ಅಂತ ಒಪ್ಪಿದೋರಿಗೆ ಕನ್ನಡವೇ ಬರದಿದ್ರೆ?

ಖರ್ಚಿನ ಮಾತಿಗೆ ಬರೋಣ. ಸೈಬರ್‌ಪಂಕ್ 2077 ಬಂದಿದ್ದು 2020ರ ಡಿಸೆಂಬರ್ 10ಕ್ಕೆ. ಒಂದೇ ವಾರಕ್ಕೆ ಸೋನಿ ಅದನ್ನ ಪ್ಲೇಸ್ಟೇಷನ್ ಸ್ಟೋರಿಂದ ತೆಗೆದು ರೀಫಂಡ್ ಕೊಡೋಕೆ ಶುರು ಮಾಡ್ತು. ಜನ ಅನುಭವಿಸಿದ ತೊಂದರೆಗಳಲ್ಲಿ ಬಹಳಷ್ಟು ನಮ್ಮ ಟೆಸ್ಟಿಂಗಲ್ಲಿ ಕಾಣ್ಲೇ ಇಲ್ಲ ಅಂತ ಕಂಪನಿ ಮುಖ್ಯಸ್ಥರೇ ಆಮೇಲೆ ವಿಡಿಯೋದಲ್ಲಿ ಹೇಳಿದ್ರು. ಗೇಮ್ ಸ್ಟೋರಿಗೆ ವಾಪಸ್ ಬಂದಿದ್ದು 2021ರ ಜೂನ್‌ನಲ್ಲಿ. ಟೆಸ್ಟರ್ ಸಂಬಳ ಉಳಿಸಿದ್ವಿ ಅಂತ ಬರ್ಕೊಳ್ಳೋರು ಇಂಥ ಆರು ತಿಂಗಳನ್ನ ಯಾವ ಕಾಲಂನಲ್ಲಿ ಬರೀತಾರೆ?

ಟೆಸ್ಟಿಂಗ್ ಕೆಲಸ ಹುಡ್ಕೊಂಡು ಅರಸೀಕೆರೆಯಿಂದ ಬೆಂಗಳೂರು ರೈಲು ಹತ್ತೋಕೆ ರೆಡಿ ಇರೋರಿಗೆ: ಬರೀ ಬಟನ್ ಒತ್ತೋ ಕೆಲಸ ಹೋಗುತ್ತೆ, ಹೋಗ್ಲಿ ಬಿಡಿ. ಸ್ಕ್ರಿಪ್ಟ್ ಬರೆಯೋಕೆ ಒಂಚೂರು ಪೈಥಾನ್ ಕಲೀರಿ. ಇಂಟರ್ವ್ಯೂನಲ್ಲಿ "ಕನ್ನಡ ಓದಿ ಚೆಕ್ ಮಾಡೋರು ನಿಮ್ಮಲ್ಲಿ ಯಾರಿದ್ದಾರೆ?" ಅಂತ ನೀವೇ ಕೇಳಿ.

ಭಾಗ 3ರಲ್ಲಿ ಬಗ್ ರಿಪೋರ್ಟ್ ಹೇಗೆ ಬರೀಬೇಕು ಅಂತ ಹಾಕ್ತೀನಿ.

#ಗೇಮ್‌ಟೆಸ್ಟಿಂಗ್ #ಬಿಕಾಂ #ಅರಸೀಕೆರೆ #ಹಳೇಬೀಡು