ಮಂದಾಗ್ನಿಯ ಅಡುಗೆ

ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಮಕ್ಕಳಿಗೆ ಸಂಸ್ಕೃತದ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿದವರು ಈ ತಿಂಗಳು ಕೋಳಿಯನ್ನು ಬೇಯಿಸುವ ವಿಚಾರ ಬರೆಯಹೊರಟಿರುವರೇ ಎಂದು ವಾಚಕರಲ್ಲಿ ಕೆಲವರು ಹುಬ್ಬೇರಿಸಬಹುದು. ನಮ್ಮದು ಬೇಸಾಯದ ಮನೆತನ; ಬಾಡೂಟ ನಮ್ಮಲ್ಲಿ ನಿಷಿದ್ಧವಲ್ಲ. ಗ್ರಂಥದ ಆಧಾರವೇ ಬೇಕೆನ್ನುವವರಿಗೆ, 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ರಚಿಸಿದ ಮಾನಸೋಲ್ಲಾಸದಲ್ಲಿ ಮಾಂಸಪಾಕದ ವಿವರಗಳು ಧಾರಾಳವಾಗಿವೆಯೆಂದಷ್ಟೇ ಹೇಳಿ ಮುಂದುವರಿಯುತ್ತೇವೆ. ನಮ್ಮ ರಾಮನಾಥಪುರದಲ್ಲಿ ದೇವಾಲಯದ ಬಳಿಯ ಕಾವೇರಿಯ ಮೀನುಗಳನ್ನು ಮಾತ್ರ ಯಾರೂ ಮುಟ್ಟುವುದಿಲ್ಲ. ಅವು ದೇವರ ಮೀನುಗಳು. ಯಾತ್ರಿಕರು ಎಸೆಯುವ ಪುರಿಯನ್ನು ತಿಂದು ಸುಖವಾಗಿವೆ. ಕೋಳಿಗೆ ಆ ಭಾಗ್ಯವಿಲ್ಲ.

ವಿಷಯಕ್ಕೆ ಬರೋಣ. ವೈದ್ಯರ ಬಾಯಲ್ಲಿ ಮಂದಾಗ್ನಿಯೆಂದರೆ ಜೀರ್ಣಶಕ್ತಿ ಕುಂದಿದ ರೋಗ. ಪಾಕ ಮಾಡುವವರ ಬಾಯಲ್ಲಿ ಅದೇ ಮಾತು ಸಣ್ಣ ಉರಿಯೆಂಬ ಅರ್ಥವನ್ನು ಕೊಡುತ್ತದೆ. ಎರಡನೆಯದು ಮೊದಲನೆಯದಕ್ಕೆ ಒಳ್ಳೆಯ ಮದ್ದೆಂಬುದು ನಮ್ಮ ಮನೆಯಲ್ಲಿ ಈಚೆಗೆ ಅನುಭವಕ್ಕೆ ಬಂದಿತು. ನಮ್ಮ ತಾಯಿಯವರು ಬೆಳಿಗ್ಗೆ ಹೊಲಕ್ಕೆ ಹೊರಡುವ ಮುನ್ನ ಮಣ್ಣಿನ ಗಡಿಗೆಯನ್ನು ಕೋಡೊಲೆಯ ಮೇಲಿಟ್ಟು, ಕೆಂಡಕ್ಕೆ ಬೂದಿ ಮುಚ್ಚಿ ಹೋಗುತ್ತಿದ್ದರು. ಹಿಂದಿರುಗುವ ವೇಳೆಗೆ ಹುರುಳಿಯಾಗಲಿ ಮುದಿ ಕೋಳಿಯಾಗಲಿ ಬೆಣ್ಣೆಯಂತೆ ಬೆಂದಿರುತ್ತಿತ್ತು. ಈಗ ಕೋಡೊಲೆಯಿಲ್ಲ, ಹೊಲಕ್ಕೆ ಹೋಗುವ ಸೊಸೆಯೂ ಇಲ್ಲ. ನಮ್ಮ ಸೊಸೆ ಹಾಸನದ ಕಚೇರಿಯೊಂದಕ್ಕೆ ಬೆಳಿಗ್ಗೆ ಬಸ್ಸು ಹತ್ತಿದರೆ ದೀಪ ಹಚ್ಚುವ ಹೊತ್ತಿಗೆ ಮನೆಗೆ ಬರುವವಳು. ಅವಳು ತಂದುದೇ ಈ ಸ್ಲೋ ಕುಕ್ಕರ್.

ಒಳಗೆ ದಪ್ಪ ಪಿಂಗಾಣಿಯ ಪಾತ್ರೆ, ಹೊರಗೆ ವಿದ್ಯುತ್ತಿನ ಕಾವು, ಮೇಲೆ ಗಾಜಿನ ಮುಚ್ಚಳ. ಸೀಟಿಯಿಲ್ಲ, ಆವಿಯ ಅಬ್ಬರವಿಲ್ಲ. ಇದನ್ನು ಅಮೆರಿಕದಲ್ಲಿ ರೂಪಿಸಿದ ಇರ್ವಿಂಗ್ ನ್ಯಾಕ್ಸನ್ ಎಂಬವರಿಗೆ 1940ರಲ್ಲಿ ಅದರ ಹಕ್ಕುಪತ್ರ ದೊರೆಯಿತು. ಅವರ ಅಜ್ಜಿಯ ಊರಿನಲ್ಲಿ ಯೆಹೂದ್ಯರು ಶನಿವಾರದ ವಿಶ್ರಾಂತಿಯ ದಿನಕ್ಕಾಗಿ ಹಿಂದಿನ ಸಂಜೆಯೇ ಕಾಳು ಮಾಂಸಗಳ ಗಡಿಗೆಯನ್ನು ರೊಟ್ಟಿ ಸುಡುವವನ ಒಲೆಯಲ್ಲಿ ಇಟ್ಟುಬರುತ್ತಿದ್ದರಂತೆ. ತಾಯಿ ಹೇಳಿದ ಆ ಕಥೆಯೇ ಯಂತ್ರಕ್ಕೆ ಬೀಜ. ನಮ್ಮ ದೇಶವೂ ಹಿಂದೆ ಬಿದ್ದಿರಲಿಲ್ಲ. ಕಲ್ಕತ್ತೆಯ ಇಂದುಮಾಧವ ಮಲ್ಲಿಕ್ ಎಂಬವರು 1910ರಲ್ಲಿಯೇ ಇಕ್ಮಿಕ್ ಕುಕ್ಕರನ್ನು ನಿರ್ಮಿಸಿದ್ದರು. ತಳದಲ್ಲಿ ಇದ್ದಿಲ ಕೆಂಡ, ಮೇಲೆ ಅಂತಸ್ತು ಅಂತಸ್ತಾದ ಡಬ್ಬಿಗಳು.

ಕ್ರಮವು ಹೀಗಿದೆ. ಫಾರಂ ಕೋಳಿಯಾದರೆ ತೊಡೆಯ ಭಾಗವನ್ನೇ 1 ಕಿಲೋ ತರತಕ್ಕದ್ದು. ಎದೆಯ ಮಾಂಸ ನೋಡಲು ಬೆಳ್ಳಗಿದ್ದರೂ ಹೆಚ್ಚು ಹೊತ್ತು ಬೆಂದರೆ ಹತ್ತಿಯಂತೆ ಒಣಗುತ್ತದೆ. ತೊಡೆಯಲ್ಲಿ ಎಳೆಗಳನ್ನು ಕಟ್ಟಿಹಿಡಿಯುವ ಕೊಲ್ಲಾಜನ್ ಎಂಬ ಅಂಟು ಪದಾರ್ಥ ಹೆಚ್ಚು. ಸಣ್ಣ ಕಾವಿನಲ್ಲಿ ಗಂಟೆಗಟ್ಟಲೆ ಇದ್ದಾಗ ಅದು ಕರಗಿ ಮೃದುವಾಗುತ್ತದೆ, ಎಳೆಗಳು ತಾವಾಗಿ ಬಿಡಿಬಿಡಿಯಾಗುತ್ತವೆ. ಹೆಚ್ಚಿದ ಈರುಳ್ಳಿ 2, ಅರೆದ ಶುಂಠಿ ಬೆಳ್ಳುಳ್ಳಿ 1 ದೊಡ್ಡ ಚಮಚ, ಕುಟ್ಟಿದ ಮೆಣಸು 1 ಚಮಚ, ಅರಿಸಿನ, ಉಪ್ಪು, ಅರ್ಧ ಲೋಟ ನೀರು ಸಾಕು. ಕೋಳಿಯೇ ನೀರು ಬಿಡುತ್ತದೆ. ಸಣ್ಣ ಕಾವಿನಲ್ಲಿ 5ರಿಂದ 6 ಗಂಟೆ. ಆದಕಾರಣ ಸೊಸೆ ಎಲ್ಲವನ್ನೂ ಕಲಸಿ ಫ್ರಿಜ್ಜಿನಲ್ಲಿಟ್ಟು ಹೋಗುತ್ತಾಳೆ. ಮಧ್ಯಾಹ್ನ 12ಕ್ಕೆ ಕುಕ್ಕರಿಗೆ ಸುರಿದು ಸ್ವಿಚ್ಚು ಹಾಕುವುದು ನಿವೃತ್ತರಾದ ನಮ್ಮ ಉದ್ಯೋಗ. ನಾಟಿಕೋಳಿಯಾದರೆ ಮೂಳೆಸಹಿತ 8 ಗಂಟೆಯಾದರೂ ಬೇಕು, ನೀರೂ ಹೆಚ್ಚು. ಮಂಜುಗಡ್ಡೆಯಾಗಿರುವ ಕೋಳಿಯನ್ನು ಹಾಗೆಯೇ ಹಾಕಕೂಡದು. ಅದು ಕಾಯುವ ಮೊದಲೇ ಕೆಡುವ ಭಯವುಂಟು. ಮುಚ್ಚಳವನ್ನು ಮೇಲಿಂದ ಮೇಲೆ ತೆರೆದು ನೋಡುವ ಚಪಲವನ್ನೂ ಬಿಡಬೇಕು. ಇದನ್ನು ನಾವು ಕಷ್ಟಪಟ್ಟು ಕಲಿತೆವು.

ಬೆಂದ ಮೇಲೆ ಬಿಸಿಯಿರುವಾಗಲೇ ಎರಡು ಫೋರ್ಕುಗಳಿಂದ ಎಳೆ ಎಳೆಯಾಗಿ ಬಿಡಿಸಿ, ಅದರ ರಸದಲ್ಲಿಯೇ ಕಾಲು ಗಂಟೆ ನೆನೆಯಬಿಡಬೇಕು. ಮೊದಲ ದಿನ ಆ ರಸಕ್ಕೆ ಕಾಯಿ ಮಸಾಲೆ ಹಾಕಿ ಕುದಿಸಿದರೆ ಮುದ್ದೆಗೆ ಸಾರು. ಮರುದಿನ ಕರಿಬೇವು ಮೆಣಸಿನ ಒಗ್ಗರಣೆಯಲ್ಲಿ ಹುರಿದರೆ ಅಕ್ಕಿರೊಟ್ಟಿಗೆ ಪಲ್ಯ. ಉಳಿದುದು ಚಪಾತಿಯೊಳಗೆ ಸುತ್ತಿ ಡಬ್ಬಿಗೆ. ಫ್ರಿಜ್ಜಿನಲ್ಲಿ 3 ದಿನಕ್ಕಿಂತ ಹೆಚ್ಚು ಇಡಬಾರದು. ಮಾಂಸ ತಿನ್ನದ ವಾಚಕರು ಇದೇ ಪಾತ್ರೆಯಲ್ಲಿ ಹುರುಳಿ, ಕಡಲೆಗಳನ್ನು ಬೇಯಿಸಬಹುದು. ರಾಜ್ಮಾ ಮಾತ್ರ ನೆನೆಸಿ, ಒಲೆಯ ಮೇಲೆ 10 ನಿಮಿಷ ಚೆನ್ನಾಗಿ ಕುದಿಸಿದ ಮೇಲೆಯೇ ಹಾಕತಕ್ಕದ್ದು. ಹಸಿ ರಾಜ್ಮಾದ ವಿಷಾಂಶ ಸಣ್ಣ ಕಾವಿಗೆ ನಾಶವಾಗುವುದಿಲ್ಲ.

ನಮ್ಮ ಅಕ್ಕಯ್ಯನವರಿಗೆ ಎಪ್ಪತ್ತೈದರ ಸಮೀಪ. ಮೂರು ವರ್ಷಗಳ ಹಿಂದೆ ಅವರು ಬಾಡು ಬಿಟ್ಟರು. ಕೇಳಿದರೆ ವ್ರತವೆಂದರು. ನಾವು ಆ ವೈರಾಗ್ಯವನ್ನು ನೆಂಟರ ಮುಂದೆಲ್ಲ ಕೊಂಡಾಡಿದೆವು. ಹಬ್ಬದ ದಿನ ಎಲ್ಲರೂ ಉಣ್ಣುವಾಗ ಅವರಿಗೆ ಬರಿಯ ಸೊಪ್ಪಿನ ಸಾರು ಬಡಿಸಿದೆವು. ಸೊಸೆ ಮೊದಲ ಬಾರಿ ಕೋಳಿಯನ್ನು ಹೀಗೆ ಬಿಡಿಸುತ್ತಿದ್ದಾಗ ಅಕ್ಕಯ್ಯನವರು ಬಹಳ ಹೊತ್ತು ನೋಡುತ್ತ ಕುಳಿತಿದ್ದು, "ಒಂಚೂರು ಹಾಕವ್ವ" ಎಂದು ತಟ್ಟೆ ಒಡ್ಡಿದರು. "ಅಕ್ಕಯ್ಯ, ವ್ರತ?" ಎಂದೆವು. "ವ್ರತ ಎಲ್ಲಿಂದ ಬಂತು ಕಣಪ್ಪ. ಹಲ್ಲು ಹೋಯ್ತು ಅಂತ ಹೇಳಕ್ಕೆ ನಾಚಿಕೆ" ಎಂದರು. ಮುದ್ದೆಯನ್ನು ನುಂಗಿಬಿಡಬಹುದು, ಅಗಿಯಬೇಕಾಗಿಲ್ಲ. ಆದ್ದರಿಂದ ನಮಗೆ ಮೂರು ವರ್ಷ ತಿಳಿಯಲೇ ಇಲ್ಲ. ಆ ದಿನ ನಮಗೆ ಊಟ ಸೇರಲಿಲ್ಲ.

ಅಂಥ ಅಕ್ಕಯ್ಯನವರೊಡನೆಯೇ ನಾವು ಜಗಳವಾಡಬೇಕಾಗಿ ಬಂದದ್ದು ಒಂದು ಭಾನುವಾರ. ಸಂಜೆ ಮಗಳು ಮಕ್ಕಳೊಡನೆ ಬರುವವಳಿದ್ದಳು. ಬೆಳಿಗ್ಗೆ 8ಕ್ಕೆ ನಾಟಿಕೋಳಿಯನ್ನು ಇಟ್ಟು ಎಲ್ಲರೂ ಕೊಣನೂರಿನ ಮದುವೆಗೆ ಹೋದೆವು. ನಾಲ್ಕಕ್ಕೆ ಬಂದಾಗ ಮನೆಯೆಲ್ಲ ಘಮಘಮ. ಅಷ್ಟರಲ್ಲಿ ಪಕ್ಕದ ಮನೆಯವರು, ಒಂಬತ್ತೂವರೆಗೆ ಹೋದ ಕರೆಂಟು ಎರಡಕ್ಕೆ ಬಂತೆಂದರು. ನಾಲ್ಕೂವರೆ ಗಂಟೆಯ ಕಾಲ ಅರೆಬಿಸಿಯಾಗಿ ನಿಂತ ಮಾಂಸ! ಹಾಗೆ ನಿಂತಾಗ ಸೂಕ್ಷ್ಮಜೀವಿಗಳು ಬೆಳೆದು, ಅವುಗಳಲ್ಲಿ ಕೆಲವು ವಿಷವನ್ನು ಬಿಡುತ್ತವೆ. ಆ ಮೇಲೆ ಎಷ್ಟು ಕುದಿಸಿದರೂ ಅಂಥ ವಿಷ ಹೋಗುವುದಿಲ್ಲ. "ಕುದೀತಾ ಐತಲ್ಲ, ಇನ್ನೆಂಥ ವಿಷ? ಉಣ್ಣೋದ ಚೆಲ್ಲಬಾರದು" ಎಂದು ಅಕ್ಕಯ್ಯನವರು ಅಡ್ಡ ನಿಂತರು. ನಾವು ಮೊಮ್ಮಕ್ಕಳ ಮುಖವನ್ನು ನೆನೆದು, ಪಾತ್ರೆಯನ್ನೆತ್ತಿಕೊಂಡು ಹೋಗಿ ತೆಂಗಿನ ಬುಡದಲ್ಲಿ ಗುಂಡಿ ತೋಡಿ ಹೂತೆವು. ಅಂದು ರಾತ್ರಿ ಎಲ್ಲರಿಗೂ ತಿಳಿಸಾರು. ಅಕ್ಕಯ್ಯನವರು ಎರಡು ದಿನ ನಮ್ಮೊಡನೆ ಮಾತನಾಡಲಿಲ್ಲ.

ಅನಂತರ ಒಂದು ಉಪಾಯ ಮಾಡಿದೆವು. ವಿದ್ಯುತ್ತು ನಿಂತು ಬಂದೊಡನೆ 12 ಗಂಟೆಯಿಂದ ಹೊಸದಾಗಿ ಎಣಿಸತೊಡಗುವ, ಒಳಗೆ ಬ್ಯಾಟರಿಯಿಲ್ಲದ ಗಡಿಯಾರವೊಂದನ್ನು ಕುಕ್ಕರಿನ ಪಕ್ಕದಲ್ಲಿಟ್ಟೆವು. ಮನೆಗೆ ಬಂದಾಗ ಅದು ಸರಿಯಾದ ಹೊತ್ತನ್ನು ತೋರಿಸಿದರೆ ಊಟ. ತಪ್ಪು ತೋರಿಸಿದರೆ ತೆಂಗಿನ ಬುಡ. ಮನೆಯಲ್ಲಿ ಯಾರಾದರೂ ಇದ್ದರೆ ಈ ಕಷ್ಟವಿಲ್ಲ, ಕರೆಂಟು ಹೋದೊಡನೆ ಗ್ಯಾಸಿನ ಒಲೆಗೆ ಏರಿಸಿದರಾಯಿತು. ಗಡಿಯಾರದ ಮೇಲ್ವಿಚಾರಣೆಯನ್ನು ಅಕ್ಕಯ್ಯನವರೇ ವಹಿಸಿಕೊಂಡಿದ್ದಾರೆ. ನಮ್ಮ ಕೈಗಡಿಯಾರವನ್ನು ಕೇಳಿ ತೆಗೆದುಕೊಂಡು, ಎರಡನ್ನೂ ಹೋಲಿಸಿ ನೋಡಿದ ಮೇಲೆಯೇ ತಟ್ಟೆ ಹಾಕಿಸುತ್ತಾರೆ.