ಪ್ರವೇಶ ಶುಲ್ಕವೋ, ತೆರೆದ ಬಾಗಿಲೋ? ಫ್ರಾನ್ಸಿನ ಹಳ್ಳಿ ಚರ್ಚುಗಳ ಮುಂದಿರುವ ಪ್ರಶ್ನೆ

ಬೆಂಕಿಗೆ ಆಹುತಿಯಾಗಿದ್ದ ಪ್ಯಾರಿಸಿನ ನೋತ್ರ್ ದಾಮ್ ಕೆಥೆಡ್ರಲ್ ಮತ್ತೆ ತೆರೆಯಲು ಇನ್ನು ಕೆಲವೇ ವಾರಗಳಿವೆ ಎನ್ನುವಾಗ, 2024ರ ಅಕ್ಟೋಬರದಲ್ಲಿ, ಅಂದು ಸಂಸ್ಕೃತಿ ಸಚಿವೆಯಾಗಿದ್ದ ರಾಶಿದಾ ದಾತಿಯವರು ಒಂದು ಸಲಹೆಯನ್ನು ಮುಂದಿಟ್ಟರು. ಕೆಥೆಡ್ರಲ್ ನೋಡಲು ಬರುವ ಪ್ರವಾಸಿಗರಿಂದ ತಲಾ 5 ಯೂರೋ ಪಡೆದರೆ ವರ್ಷಕ್ಕೆ 75 ದಶಲಕ್ಷ ಯೂರೋ ಸಂಗ್ರಹವಾಗುತ್ತದೆ, ಅದರಿಂದ ದೇಶದ ಶಿಥಿಲ ಚರ್ಚುಗಳನ್ನು ಉಳಿಸಬಹುದು ಎಂಬುದು ಅವರ ಲೆಕ್ಕ. ಧರ್ಮಸಭೆ ಒಪ್ಪಲಿಲ್ಲ. ಪ್ರಾರ್ಥಿಸಲು ಬಂದವರನ್ನೂ ನೋಡಲು ಬಂದವರನ್ನೂ ಬಾಗಿಲಲ್ಲಿ ಬೇರ್ಪಡಿಸುವುದು ಹೇಗೆ ಎಂಬುದು ಅದರ ಮಾತಾಗಿತ್ತು. ಡಿಸೆಂಬರ್‌ನಲ್ಲಿ ಬಾಗಿಲು ತೆರೆಯಿತು, ಟಿಕೆಟ್ ಇಲ್ಲದೆಯೇ.

ಚರ್ಚೆ ಅಲ್ಲಿಗೆ ನಿಂತಿತೆಂದು ನಮ್ಮಲ್ಲಿ ಹಲವರು ಭಾವಿಸಿರಬಹುದು. ಆದರೆ ಸಚಿವರು ಎತ್ತಿದ ಸಮಸ್ಯೆ ನಿಜವಾದದ್ದೇ, ಮತ್ತು ಅದು ಪ್ಯಾರಿಸಿನದ್ದಲ್ಲ, ಹಳ್ಳಿಗಳದ್ದು. 1905ರ ಡಿಸೆಂಬರ್ 9ರ ಕಾಯಿದೆ ಫ್ರಾನ್ಸಿನಲ್ಲಿ ಧರ್ಮಸಭೆಯನ್ನೂ ಸರಕಾರವನ್ನೂ ಬೇರ್ಪಡಿಸಿತು. ಜಗದ್ಗುರು ಹತ್ತನೇ ಪಿಯುಸ್‌ರು 1906ರಲ್ಲಿ ಅದನ್ನು ಖಂಡಿಸಿ ವಿಶ್ವಪತ್ರ ಹೊರಡಿಸಿದರು. ಕೊನೆಗೆ ಅದಕ್ಕಿಂತ ಮೊದಲೇ ಇದ್ದ ಕೆಥೆಡ್ರಲ್‌ಗಳಲ್ಲಿ ಹೆಚ್ಚಿನವು ಸರಕಾರಕ್ಕೆ, ಊರ ಚರ್ಚುಗಳು ಅಲ್ಲಲ್ಲಿನ ಕಮ್ಯೂನುಗಳಿಗೆ, ಅಂದರೆ ನಮ್ಮ ಗ್ರಾಮ ಪಂಚಾಯತ್‌ನಂಥ ಸ್ಥಳೀಯ ಆಡಳಿತಕ್ಕೆ, ಸೇರಿದವು. ಬಳಕೆ ಮಾತ್ರ ಆರಾಧನೆಗೇ ಮೀಸಲು. ಗೋಡೆ ಪಂಚಾಯತಿನದ್ದು, ಬಲಿಪೀಠ ಧರ್ಮಗುರುಗಳದ್ದು ಎಂದರೆ ತಪ್ಪಾಗಲಾರದು. ಚರ್ಚ್ ನೋಡಲು ಬರುವವರಿಂದ ಶುಲ್ಕ ಪಡೆಯಬಾರದು ಎಂದೂ ಇದೇ ಕಾಯಿದೆ ಹೇಳುತ್ತದೆ. ಧರ್ಮಸಭೆಯ ಆಸ್ತಿ ಕಿತ್ತುಕೊಂಡ ಕಾಯಿದೆಯೇ ಇಂದು ಅದರ ಪರವಾಗಿ ನಿಂತಿರುವುದು ವಿಚಿತ್ರ.

ಫ್ರಾನ್ಸಿನಲ್ಲಿ ಸುಮಾರು 35 ಸಾವಿರ ಕಮ್ಯೂನುಗಳಿದ್ದು, ಅರ್ಧಕ್ಕೂ ಹೆಚ್ಚಿನವುಗಳಲ್ಲಿ 500 ಜನರೂ ಇಲ್ಲ. ಇಂಥ ಊರು ಹನ್ನೆರಡನೇ ಶತಮಾನದ ಗೋಪುರಕ್ಕೆ ಹೆಂಚು ಹೊದಿಸುವುದೆಂದರೆ ಹಲವು ವರ್ಷಗಳ ಬಜೆಟ್ಟೇ ಹೋಗುತ್ತದೆ. ಮುಂದಿನ ಕೆಲವು ವರ್ಷಗಳಲ್ಲಿ 2,500ರಿಂದ 5,000 ಚರ್ಚುಗಳು ಕೈಬಿಟ್ಟುಹೋಗಬಹುದು, ಮಾರಾಟವಾಗಬಹುದು ಇಲ್ಲವೇ ನೆಲಸಮವಾಗಬಹುದು ಎಂಬ ಅಂದಾಜನ್ನು 2022ರಲ್ಲಿ ಸೆನೆಟ್ ವರದಿಯೊಂದು ಎತ್ತಿ ತೋರಿಸಿತು. ಪಶ್ಚಿಮ ಫ್ರಾನ್ಸಿನ ಜೆಸ್ತೆ ಎಂಬಲ್ಲಿ ಊರವರಲ್ಲೇ ಒಂದು ಗುಂಪು ವರ್ಷಗಟ್ಟಲೆ ವಿರೋಧಿಸಿದರೂ 2013ರಲ್ಲಿ ಚರ್ಚನ್ನು ಕೆಡವಲಾಯಿತು. 2023ರಲ್ಲಿ ಅಧ್ಯಕ್ಷ ಮಾಕ್ರೋನ್ ಸಣ್ಣ ಊರುಗಳ ಚರ್ಚುಗಳಿಗಾಗಿ ನಾಲ್ಕು ವರ್ಷಗಳಲ್ಲಿ 200 ದಶಲಕ್ಷ ಯೂರೋ ದೇಣಿಗೆ ಸಂಗ್ರಹದ ಗುರಿ ಘೋಷಿಸಿದರು. ನೋತ್ರ್ ದಾಮ್ ಒಂದಕ್ಕೇ 800 ದಶಲಕ್ಷಕ್ಕೂ ಮಿಕ್ಕಿ ಹಣ ಹರಿದು ಬಂದಿತ್ತು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ಆದರೆ ಕೆಲವು ಹಳ್ಳಿಗಳಲ್ಲಿ ಬಾಗಿಲು ಮುಚ್ಚಿಲ್ಲ. ಕಾರಣ ಹಣವಲ್ಲ, ಕಾಲ್ನಡಿಗೆಯವರು.

ಮಧ್ಯ ಫ್ರಾನ್ಸಿನ ಲೆ ಪ್ಯೂಯಿ ಪಟ್ಟಣದಿಂದ ಬಿಷಪ್ ಗೋದೆಸ್ಕಾಲ್ಕ್‌ರು ಕ್ರಿ.ಶ. 950ರಲ್ಲಿ ಸ್ಪೇನಿನ ಸಾಂತಿಯಾಗೋದಲ್ಲಿರುವ ಸಂತ ಯಾಕೋಬರ ಸಮಾಧಿಗೆ ಹೊರಟರು. ಹೊರನಾಡಿನಿಂದ ಅಲ್ಲಿಗೆ ಹೋದ, ಹೆಸರು ತಿಳಿದಿರುವ ಮೊದಲ ಯಾತ್ರಿಕರಲ್ಲಿ ಅವರೊಬ್ಬರು. ಅದೇ ಹಾದಿ ಇಂದು ಜಿ.ಆರ್. 65 ಎಂಬ ಕಾಲುದಾರಿ. 1947ರಲ್ಲಿ ಲುವಾರ್ ನದಿ ದಂಡೆಯಲ್ಲಿ ಮೊದಲ ತುಂಡು ಗುರುತಿಸಿದಂದಿನಿಂದ ಇಂಥ ದಾರಿಗಳು ದೇಶವಿಡೀ ಹಬ್ಬಿವೆ. ಮರಕ್ಕೆ, ಕಲ್ಲಿಗೆ ಬಿಳಿ ಮತ್ತು ಕೆಂಪು ಪಟ್ಟಿ ಬಳಿದು ಅವುಗಳನ್ನು ಕಾಯುವವರು ಹೆಚ್ಚಾಗಿ ಸ್ವಯಂಸೇವಕರು.

ಲೆ ಪ್ಯೂಯಿಯಲ್ಲಿ ಬೆಳಿಗ್ಗೆ 7 ಗಂಟೆಗೆ ಯಾತ್ರಿಕರ ಬಲಿಪೂಜೆ. ಆಶೀರ್ವಾದದ ಬಳಿಕ ಕೆಥೆಡ್ರಲಿನ ನೆಲದಲ್ಲೇ ಕಬ್ಬಿಣದ ಸರಳಿನ ಬಾಗಿಲು ತೆರೆಯುತ್ತದೆ. ಚೀಲ ಹೊತ್ತವರು ಆ ಮೆಟ್ಟಿಲಿಳಿದು ನೇರ ಬೀದಿಗೆ ಬೀಳುತ್ತಾರೆ. ನಾಲ್ಕೈದು ದಿನ ನಡೆದರೆ ಒಬ್ರಾಕ್ ಪ್ರಸ್ಥಭೂಮಿ. ಹುಲ್ಲು, ದನ, ಗಾಳಿ, ಮಂಜು ಬಿಟ್ಟರೆ ಬೇರೇನಿಲ್ಲ. ಹನ್ನೆರಡನೇ ಶತಮಾನದಲ್ಲಿ ಇಲ್ಲಿ ಯಾತ್ರಿಕರಿಗೆಂದೇ ಒಂದು ಛತ್ರ ಕಟ್ಟಿದರು. ಮಂಜು ಕವಿದಾಗ ದಾರಿ ತಪ್ಪಿದವರಿಗಾಗಿ ಅಲ್ಲಿನ ಗಂಟೆ ಬಾರಿಸುತ್ತಿದ್ದರು. ಆ ಸನ್ಯಾಸಿಗಳ ಕಾಲದ್ದೆಂದು ಹೇಳುವ ಆಲೂಗಡ್ಡೆ-ಚೀಸಿನ ‘ಅಲಿಗೊ’ ಇಂದಿಗೂ ಯಾತ್ರಿಕರ ರಾತ್ರಿಯೂಟ. (ಆಲೂಗಡ್ಡೆ ಯುರೋಪಿಗೆ ಬಂದದ್ದೇ ಆಮೇಲೆ, ಮೊದಲು ಬ್ರೆಡ್ಡಿನಿಂದ ಮಾಡುತ್ತಿದ್ದರಂತೆ.) ನಾಸ್ಬಿನಾಲ್‌ನ ಕಪ್ಪು ಕಲ್ಲಿನ ಚರ್ಚು ದಾರಿಯ ಪಕ್ಕದಲ್ಲೇ ಇದೆ.

ಸುಮಾರು 200 ಕಿ.ಮೀ. ಕ್ರಮಿಸಿದ ಮೇಲೆ ಕೊಂಕ್. ಕೆಲವೇ ನೂರು ಜನರ ಈ ಹಳ್ಳಿಯ ಚರ್ಚಿನ ಬಾಗಿಲ ಮೇಲೆ ಅಂತಿಮ ತೀರ್ಪಿನ 124 ಆಕೃತಿಗಳು ಕಲ್ಲಿನಲ್ಲಿವೆ. ಒಳಗೆ ಚಿತ್ರಕಾರ ಸೂಲಾಜ್ 1994ರಲ್ಲಿ ಪೂರೈಸಿದ ಬಣ್ಣವಿಲ್ಲದ ಗಾಜಿನ ಕಿಟಕಿಗಳು. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಊರವರು ಇಲ್ಲಿನ ಚಿನ್ನದ ಪವಿತ್ರ ವಸ್ತುಗಳನ್ನು ತಮ್ಮ ತಮ್ಮ ಮನೆಗಳಲ್ಲಿ ಬಚ್ಚಿಟ್ಟು, ಗಲಾಟೆ ಮುಗಿದ ಮೇಲೆ ಹಿಂದಿರುಗಿಸಿದರೆಂದು ಹೇಳುತ್ತಾರೆ. 1837ರಲ್ಲಿ ಸ್ಮಾರಕಗಳ ಪರಿವೀಕ್ಷಕ ಪ್ರಾಸ್ಪೆರ್ ಮೆರಿಮೆ ಬಂದು ನೋಡಿದಾಗ ಚರ್ಚು ಶೋಚನೀಯ ಸ್ಥಿತಿಯಲ್ಲಿತ್ತು. ಅವರ ವರದಿಯಿಂದಲೇ ಅದು ಉಳಿಯಿತು. 1873ರಿಂದ ಪ್ರೆಮೊನ್‌ಸ್ಟ್ರಾಟೆನ್ಸಿಯನ್ ಗುರುಗಳು ಇಲ್ಲಿದ್ದಾರೆ. ರಾತ್ರಿ ಪ್ರಾರ್ಥನೆಯ ನಂತರ ಯಾತ್ರಿಕರಿಗೆ ಆಶೀರ್ವಾದ. ಚರ್ಚಿಗೆ ಪ್ರವೇಶ ಉಚಿತ. ಭಂಡಾರ ನೋಡಲು ಮಾತ್ರ ಟಿಕೆಟ್. ಸಚಿವರ ಪ್ರಶ್ನೆಗೆ ಈ ಹಳ್ಳಿ ಹಿಂದೆಯೇ ಉತ್ತರ ಕಂಡುಕೊಂಡಿತ್ತು ಎಂದು ನಮಗೆ ತೋರುತ್ತದೆ.

ಹೀಗೆ ನಡೆಯುವವರೆಲ್ಲ ವಿಶ್ವಾಸಿಗಳಲ್ಲ. ಕೆಲವರದು ವ್ಯಾಯಾಮ, ಕೆಲವರದು ಇತಿಹಾಸದ ಆಸಕ್ತಿ. ಚೀಲವನ್ನು ವ್ಯಾನಿನಲ್ಲಿ ಕಳುಹಿಸಿ ಕೈಬೀಸಿ ನಡೆಯುವವರೂ ಇದ್ದಾರೆ. ಆದರೂ ಅವರು ಬರುತ್ತಾರೆಂದೇ ಯಾರೋ ಒಬ್ಬರು ಬೆಳಿಗ್ಗೆ ಬೀಗ ತೆಗೆದು ಸಂಜೆ ಹಾಕುತ್ತಾರೆ. ಬೀಗ ತೆಗೆದಲ್ಲಿ ಸೋರುವ ಮಾಡು ಬೇಗ ಕಣ್ಣಿಗೆ ಬೀಳುತ್ತದೆ. ಇದನ್ನೇ ಪರಿಹಾರವೆಂದು ನಾವು ಹೇಳುತ್ತಿಲ್ಲ. ಯುನೆಸ್ಕೊ 1998ರಲ್ಲಿ ಫ್ರಾನ್ಸಿನ ಯಾತ್ರಾಮಾರ್ಗಗಳನ್ನು ವಿಶ್ವ ಪರಂಪರೆಗೆ ಸೇರಿಸಿದಾಗ ಪಟ್ಟಿಯಲ್ಲಿದ್ದದ್ದು 71 ಸ್ಮಾರಕಗಳು ಮತ್ತು ದಾರಿಯ 7 ತುಂಡುಗಳು ಮಾತ್ರ. ದಾರಿಯಿಂದ ಐದಾರು ಕಿಲೋಮೀಟರ್ ಒಳಗಿರುವ ಚರ್ಚಿಗೆ ಯಾವ ಯಾತ್ರಿಕನೂ ಬರುವುದಿಲ್ಲ. ಸಾವಿರಗಟ್ಟಲೆ ಚರ್ಚುಗಳು ಇರುವುದು ಅಂಥ ಕಡೆಯೇ.

ಪೂರ್ವಕ್ಕೆ ಆರ್ದೆಶ್ ಬೆಟ್ಟಗಳಲ್ಲಿ ಇನ್ನೊಂದು ಉದಾಹರಣೆಯಿದೆ. ನೋತ್ರ್ ದಾಮ್ ದೆ ನೇಜ್ ಆಶ್ರಮಕ್ಕೆ ಲೇಖಕ ಸ್ಟೀವನ್ಸನ್ 1878ರಲ್ಲಿ ಕತ್ತೆಯೊಂದಿಗೆ ಬಂದಿದ್ದರು. ಆ ನೆನಪಿನ ದಾರಿಯೇ ಇಂದಿನ ಜಿ.ಆರ್. 70. ಸಂತ ಶಾರ್ಲ್ ದೆ ಫುಕೋ ಸನ್ಯಾಸ ಆರಂಭಿಸಿದ್ದೂ ಇಲ್ಲೇ, 1890ರಲ್ಲಿ. 2022ರ ಮೇ 15ರಂದು ನಮ್ಮ ದೇವಸಹಾಯಂ ಪಿಳ್ಳೆಯವರೊಂದಿಗೆ ಒಂದೇ ಬಲಿಪೂಜೆಯಲ್ಲಿ ಅವರನ್ನು ಸಂತರೆಂದು ಘೋಷಿಸಿದ್ದು ಓದುಗರಿಗೆ ನೆನಪಿರಬಹುದು. ಅದೇ ವರ್ಷ, ಸಂಖ್ಯೆ ತೀರಾ ಕುಗ್ಗಿದ ಟ್ರಾಪಿಸ್ಟ್ ಸನ್ಯಾಸಿಗಳು ಆಶ್ರಮ ಬಿಟ್ಟರು. ಬಾಗಿಲು ಮುಚ್ಚುವ ಬದಲು ಸಿಸ್ಟರ್ಸಿಯನ್ ಧರ್ಮಭಗಿನಿಯರು ಬಂದು ನೆಲೆಸಿದರು.

ಈ ಪ್ರದೇಶಗಳಿಗೂ ನಮಗೂ ಹಳೆಯ ನಂಟು. ಮೈಸೂರು ಸೀಮೆಯಲ್ಲಿ ದುಡಿದು 1823ರಲ್ಲಿ ಹಿಂದಿರುಗಿದ ಅಬ್ಬೆ ದುಬುವಾ ಇದೇ ಆರ್ದೆಶ್‌ನವರು. ಮಂಗಳೂರಿಗೆ 1870ರಲ್ಲಿ ಬಂದ ಅಪೋಸ್ತಲಿಕ್ ಕಾರ್ಮೆಲ್ ಸಭೆ ಹುಟ್ಟಿದ್ದು ಫ್ರಾನ್ಸಿನ ಬಯೋನ್‌ನಲ್ಲಿ. ಫ್ರೆಂಚ್ ಮಿಷನರಿಗಳು ಹಾಸನದ ಶೆಟ್ಟಿಹಳ್ಳಿಯಲ್ಲಿ ಕಟ್ಟಿದ ಚರ್ಚು ಹೇಮಾವತಿ ಜಲಾಶಯದ ಪಾಲಾಗಿ, ಮಳೆಗಾಲದಲ್ಲಿ ಅರ್ಧ ಮುಳುಗಿರುವುದನ್ನು ನೋಡಲು ಜನ ಸೇರುತ್ತಾರೆ. ಅಲ್ಲಿ ಬೀಗ ತೆಗೆಯಲು ಬಾಗಿಲೇ ಉಳಿದಿಲ್ಲ.

ಮಾಕ್ರೋನ್ ಘೋಷಿಸಿದ ನಾಲ್ಕು ವರ್ಷಗಳ ಸಂಗ್ರಹದ ಅವಧಿ 2027ಕ್ಕೆ ಮುಗಿಯುತ್ತದೆ. ಅದೇ ವರ್ಷ ಸಂತ ಯಾಕೋಬರ ಹಬ್ಬ, ಜುಲೈ 25, ಭಾನುವಾರ ಬೀಳುವುದರಿಂದ ಸಾಂತಿಯಾಗೋದಲ್ಲಿ ಪವಿತ್ರ ವರ್ಷ. ದಾರಿಗಳಲ್ಲಿ ಜನಸಂದಣಿ ಖಂಡಿತ. ಕರಾವಳಿಯಿಂದ ಲೂರ್ದ್ಸ್ ಯಾತ್ರೆಗೆ ಹೋಗುವವರು ಬಸ್ಸಿನಿಂದಿಳಿದು ಗ್ರೊಟ್ಟೊ ನೋಡಿ ಮರಳುವುದೇ ಹೆಚ್ಚು. ಲೂರ್ದ್ಸ್ ಮೂಲಕವೂ ಸಾಂತಿಯಾಗೋ ದಾರಿಯೊಂದು, ಜಿ.ಆರ್. 78, ಹಾದುಹೋಗುತ್ತದೆ. ಒಂದು ದಿನ ಬಿಡುವು ಸಿಕ್ಕರೆ ಬಿಳಿ-ಕೆಂಪು ಗುರುತು ಹಿಡಿದು ಮುಂದಿನ ಹಳ್ಳಿಯವರೆಗೆ ನಡೆದು, ಅಲ್ಲಿನ ಚರ್ಚಿನ ಬಾಗಿಲನ್ನು ಒಮ್ಮೆ ದೂಡಿ ನೋಡಬಹುದು.